ಗುಬ್ಬಿಯ ಮೊಮ್ಮಗಳು ದೆಹಲಿಯಲ್ಲಿ

ಮಕ್ಕಳೇ, ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಕುಣಿದವರು, ಹಾಡಿದವರು ನಿಮ್ಮಲ್ಲೂ ಇದ್ದೀರಿ. ಆ ವೀರಣ್ಣನವರ ಮೊಮ್ಮಗಳು ಪಾರ್ಲಿಮೆಂಟಿನಲ್ಲಿ ಆರು ವರ್ಷ ಕೂತಿದ್ದರು ಎಂದರೆ ಮಾತ್ರ ಬಹಳ ಮಂದಿ ಹುಬ್ಬೇರಿಸುತ್ತಾರೆ.

ಕುಣಿಗಲ್ಲಿನ ಹುಡುಗಿಯೊಬ್ಬಳು ಈಚೆಗೆ ನನ್ನನ್ನು ಕೇಳಿದಳು: "ನಮ್ಮ ಕಡೆಯ ಹೆಂಗಸರು ಯಾರೂ ದೆಹಲಿಗೆ ಹೋಗಿಲ್ಲವಾ?" ಲೋಕಸಭೆಯ ಲೆಕ್ಕ ಹಿಡಿದರೆ ಉತ್ತರ ಸಪ್ಪೆ. 1952ರಿಂದ ಇಲ್ಲಿಯವರೆಗೆ ತುಮಕೂರು ಕ್ಷೇತ್ರದಿಂದ ಒಬ್ಬ ಹೆಣ್ಣುಮಗಳೂ ಗೆದ್ದಿಲ್ಲ. ಕುಣಿಗಲ್ ನಮ್ಮದೇ ಜಿಲ್ಲೆಯಾದರೂ ಈಗ ಅದರ ಓಟು ಬೆಂಗಳೂರು ಗ್ರಾಮಾಂತರಕ್ಕೆ. ಅಲ್ಲೂ ಅದೇ ಕಥೆ.

ಆದರೆ ಪಾರ್ಲಿಮೆಂಟಿಗೆ ಇನ್ನೊಂದು ಬಾಗಿಲಿದೆ, ರಾಜ್ಯಸಭೆ. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆ ಬಲ್ಲ 12 ಮಂದಿಯನ್ನು ರಾಷ್ಟ್ರಪತಿಗಳು ಅಲ್ಲಿಗೆ ನೇಮಿಸುತ್ತಾರೆ. 2010ರಲ್ಲಿ ಹಾಗೆ ಹೋದವರು ಬಿ. ಜಯಶ್ರೀ. ಕವಿ ಜಾವೇದ್ ಅಖ್ತರ್ ಕೂಡ ಅದೇ ವರ್ಷ ನೇಮಕವಾದವರು.

ಜಯಶ್ರೀಯವರ ತಾಯಿ ಮಾಲತಮ್ಮ, ವೀರಣ್ಣನವರ ಮಗಳು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ವೈಭವ ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬರುತ್ತಿದ್ದವಂತೆ! ಹೆಣ್ಣುಪಾತ್ರಕ್ಕೂ ಗಂಡಸರೇ ಸೀರೆ ಉಡುತ್ತಿದ್ದ ಆ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ಕರೆತಂದವರಲ್ಲಿ ವೀರಣ್ಣನವರು ಮುಂದಿದ್ದರು. ಅದಕ್ಕೆ ಬೈಗುಳ ತಿಂದವರು ಹೆಚ್ಚಾಗಿ ಆ ಹೆಣ್ಣುಮಕ್ಕಳೇ. ಮರ್ಯಾದಸ್ಥರ ಮನೆಯವರು ನಾಟಕಕ್ಕೆ ಸೇರುವುದುಂಟೇ ಎನ್ನುತ್ತಿದ್ದ ಜನ ಅವರು ಹಾಡಿದಾಗ ಚಪ್ಪಾಳೆ ತಟ್ಟುತ್ತಲೂ ಇದ್ದರು. ಮುಂದೆ ಮೊಮ್ಮಗಳು ಲೆಕ್ಕವನ್ನೇ ತಿರುಗಿಸಿದರು. 'ಸದಾರಮೆ'ಯಲ್ಲಿ ತಾತ ಮೆರೆಸಿದ್ದ ಕಳ್ಳನ ಪಾತ್ರವನ್ನು ತಾವೇ ಕಟ್ಟಿದರು. ದೆಹಲಿ ಅವರಿಗೆ ಹೊಸ ಊರೇನೂ ಅಲ್ಲ. ಅಲ್ಲಿನ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು 1973ರಲ್ಲಿ ಹೊರಬಂದವರು. ಬೆಂಗಳೂರಿನಲ್ಲಿ 'ಸ್ಪಂದನ' ತಂಡ ಕಟ್ಟಿದರು, ಕಂಬಾರರ 'ಕರಿಮಾಯಿ'ಯನ್ನು ರಂಗಕ್ಕೆ ತಂದರು. 'ಕಾರ್ ಕಾರ್' ಎಂಬ ಸಿನಿಮಾ ಹಾಡು ಕೇಳಿದ್ದೀರಲ್ಲ, ಆ ಕಂಚಿನ ಕಂಠ ಇವರದೇ.

ನೇಮಕವಾದ ಸದಸ್ಯರಿಗೆ ಒಂದು ತಮಾಷೆಯ ನಿಯಮವಿದೆ. ಉಪರಾಷ್ಟ್ರಪತಿಯ ಚುನಾವಣೆಯಲ್ಲಿ ಅವರಿಗೆ ಮತವುಂಟು, ತಮ್ಮನ್ನು ನೇಮಿಸುವ ರಾಷ್ಟ್ರಪತಿಯ ಚುನಾವಣೆಯಲ್ಲಿ ಇಲ್ಲ. 2012ರಲ್ಲಿ ಎರಡೂ ನಡೆದವು. ಜಯಶ್ರೀಯವರಿಗೆ ಒಂದರಲ್ಲಿ ಮಾತ್ರ ಮತವಿತ್ತು. ಮರುವರ್ಷ ಪದ್ಮಶ್ರೀ ಬಂತು. 2016ರ ಮಾರ್ಚಿಗೆ ರಾಜ್ಯಸಭೆಯ ಅವಧಿ ಮುಗಿಯಿತು.

ಓಟು ಕೇಳಿ ಗೆಲ್ಲುವುದೂ ನೇಮಕವಾಗುವುದೂ ಒಂದೇ ಅಲ್ಲ, ಇದನ್ನು ಆ ಹುಡುಗಿಗೂ ಹೇಳಿದೆ. ಬಿಸಿಲಲ್ಲಿ ಗುಬ್ಬಿಯ ಸಂತೆಯಲ್ಲಿ ಕೈಮುಗಿದು ನಿಲ್ಲುವ ಕಷ್ಟವೇ ಬೇರೆ. ಆದರೂ ಕಂಪನಿ ನಾಟಕದವಳೆಂದು ಮೂಗು ಮುರಿಸಿಕೊಂಡ ಕುಲದ ಹೆಣ್ಣುಮಗಳೊಬ್ಬಳು ಕಲೆಯ ಹೆಸರಿನಲ್ಲೇ ಅಲ್ಲಿ ಕೂತದ್ದು ನನಗಂತೂ ಸಣ್ಣ ಸಂಗತಿಯಲ್ಲ.

ಮುಂಬಾಗಿಲಿನ ಮಾತೂ ಬದಲಾಗುತ್ತಿದೆ. ಲೋಕಸಭೆಯ ಮೂರನೇ ಒಂದು ಭಾಗ ಸೀಟು ಹೆಂಗಸರಿಗೆ ಎಂದು 2023ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಯಿತು. ಜನಗಣತಿ, ಕ್ಷೇತ್ರಗಳ ಮರುವಿಂಗಡಣೆ ಮುಗಿದ ಮೇಲೆ ಜಾರಿ ಎಂದು ಅದರಲ್ಲೇ ಬರೆದಿದೆ. ಲೋಕಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು, ರಾಜ್ಯಸಭೆಗೆ 30.