ಜೀಪಿನಲ್ಲಿ ಪೆಟ್ರೋಲ್ ಕ್ಯಾನು

ಕಾಫಿ ತೋಟದ ಕಳೆ ಕೊಚ್ಚುವ ಯಂತ್ರಕ್ಕೂ ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಪಂಪಿಗೂ ಪೆಟ್ರೋಲ್ ಬೇಕು. ಬಂಕು ದೂರ, ಪೇಟೆಗೆ ಹೋದ ಜೀಪಿನಲ್ಲೇ ತರಬೇಕು. ಇದು ತಪ್ಪಲ್ಲ, ತರುವ ರೀತಿ ತಪ್ಪು. ಅಡಿಗೆ ಎಣ್ಣೆಯ ಹಳೇ ಪ್ಲಾಸ್ಟಿಕ್ ಕ್ಯಾನು, ಅದಕ್ಕೆ ಕಾಲು ತಾಗಿಸಿ ಕುಳಿತ ಕೆಲಸದವರು, ಒಬ್ಬರ ಬಾಯಲ್ಲಿ ಬೀಡಿ!

ಪೆಟ್ರೋಲಿನ ಆವಿ ಗಾಳಿಗಿಂತ ಭಾರ; ಜೀಪಿನ ತಳದಲ್ಲೇ ನಿಲ್ಲುತ್ತದೆ. ಕಿಡಿಯೊಂದು ಸಾಕು. 1934ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ ಸ್ವಂತ ಬಳಕೆಗೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದಾದದ್ದು ಒಟ್ಟು 30 ಲೀಟರ್. ಲೋಹದ ಕ್ಯಾನು 25 ಲೀಟರ್ ಮೀರಬಾರದು, ಮುಚ್ಚಳ ಬಿಗಿಯಾಗಿರಬೇಕು.

ಕ್ಯಾನನ್ನು ನೆಲಕ್ಕಿಳಿಸಿಯೇ ತುಂಬಿಸಿ. ಜೀಪಿನ ರಬ್ಬರ್ ಹಾಸಿನ ಮೇಲೆ ತುಂಬಿಸಿದರೆ ಘರ್ಷಣೆಯ ವಿದ್ಯುತ್ತಿನಿಂದ ಕಿಡಿ ಹಾರಬಹುದು. ಬಿಸಿಲಿಗೆ ಪೆಟ್ರೋಲ್ ಹಿಗ್ಗುವುದರಿಂದ ಕಂಠದವರೆಗೆ ತುಂಬಿಸಬೇಡಿ. ನೆಟ್ಟಗೆ ನಿಲ್ಲಿಸಿ ಬಿಗಿಯಾಗಿ ಕಟ್ಟಿ. ಸೀಟಿನಡಿ ಹೆಚ್ಚುವರಿ ಟ್ಯಾಂಕು ಬೆಸುಗೆ ಹಾಕಿಸುವ ಚಾಳಿ ಬೇಡವೇ ಬೇಡ.

ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾನು ಇರುವಾಗ ಜೀಪಿನ ಹಿಂಬದಿ ಯಾರೂ ಕೂರಕೂಡದು. ಇನ್ನೊಂದು ಟ್ರಿಪ್ಪಿನ ಖರ್ಚು ಯಾರು ಕೊಡುತ್ತಾರೆಂದು ಕೇಳುವ ಸದಸ್ಯರುಂಟು. ಆ ಖರ್ಚನ್ನು ತೋಟದ ಲೆಕ್ಕಕ್ಕೆ ಬರೆಯಬಹುದು. ಸುಟ್ಟ ಮೈಯನ್ನು ಯಾವ ಲೆಕ್ಕಕ್ಕೆ ಬರೆಯೋಣ?

ಸಂಘವೇ ಲೋಹದ ಕ್ಯಾನು ತರಿಸಿ ಅಸಲು ಬೆಲೆಗೆ ಕೊಡಬೇಕೆಂದು ಮುಂದಿನ ಮಹಾಸಭೆಯಲ್ಲಿ ಸೂಚಿಸಲಿದ್ದೇನೆ. ಸದಸ್ಯರು ಬೆಂಬಲಿಸಬೇಕಾಗಿ ವಿನಂತಿ.

– ಕಾರ್ಯದರ್ಶಿ