'ಕೈಕೊಡು': ಪದವೊಂದೋ, ಎರಡೋ?

ಹುನಗುಂದದ ಎರೆನೆಲದ ಒಕ್ಕಲಿಗನು "ಈ ವರ್ಷ ಮಳಿ ಕೈಕೊಟ್ಟೈತಿ" ಎಂದರೆ, ಮಳೆಯು ಕೈನೀಡಿ ನೆರವಾಯಿತೆಂದು ಆ ಸೀಮೆಯ ಯಾರೂ ತಿಳಿಯರು. ಬಿತ್ತಿದ ಬಿಳಿಜೋಳ ಒಣಗಿತೆಂದೇ ತಿಳಿಯುವರು. ಆದರೆ 'ಕೈ' ಎಂಬುದನ್ನೊಂದು ಕಡೆ, 'ಕೊಡು' ಎಂಬುದನ್ನೊಂದು ಕಡೆ ನಿಘಂಟಿನಲ್ಲಿ ಹುಡುಕಿದ ವಿದ್ಯಾರ್ಥಿಗೆ ದೊರೆಯುವುದು ವಿಪರೀತಾರ್ಥವೇ.

ಇಂಥ ರೂಪಗಳನ್ನು ವೈಯಾಕರಣರು ಕ್ರಿಯಾಸಮಾಸವೆಂದರು. 13ನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಮಂಗಳೂರಿನಿಂದ ಸಂಪಾದಿಸಿ ಹೊರತಂದವರು ಬಾಸೆಲ್ ಮಿಶನ್ನಿನ ಫರ್ಡಿನಾಂಡ್ ಕಿಟ್ಟೆಲ್ಲರು. ಬಾದಾಮಿಯ ನೆರೆಯ ಗುಳೇದಗುಡ್ಡದಲ್ಲಿಯೂ ಆ ಮಿಶನ್ನಿನ ಕೇಂದ್ರವಿದ್ದಿತು. ಕಿಟ್ಟೆಲ್ಲರಿಗೆ ಈ ಪ್ರಕರಣವು ತೀರ ಹೊಸದೆನಿಸಿರಲಾರದು. ಅವರ ತಾಯ್ನುಡಿಯಾದ ಜರ್ಮನ್ನಿನಲ್ಲಿಯೂ ಇದಕ್ಕೆ ನಂಟಾದ ಕ್ರಿಯಾಪದಗಳುಂಟು.

ಆ ಭಾಷೆಯಲ್ಲಿ 'ಹ್ಯೋರೆನ್' ಎಂದರೆ ಕೇಳು. ಅದಕ್ಕೆ 'ಔಫ್' ಎಂಬ ಉಪಸರ್ಗ ಸೇರಿ 'ಔಫ್‌ಹ್ಯೋರೆನ್' ಆದಾಗ, ನಿಲ್ಲಿಸು. ನಿಘಂಟಿನಲ್ಲಿ ಇದು ಒಂದೇ ಪದ. ಪ್ರಧಾನ ವಾಕ್ಯದಲ್ಲಾದರೋ ಕ್ರಿಯೆಯು ಎರಡನೆಯ ಸ್ಥಾನಕ್ಕೆ ಸರಿದು, ಉಪಸರ್ಗವು ತುದಿಯಲ್ಲಿ ಉಳಿಯುವುದು: 'ಎರ್ ಹ್ಯೋರ್ಟ್ ಮಿಟ್ ಡೇರ್ ಆರ್ಬೈಟ್ ಔಫ್', ಅಂದರೆ ಅವನು ಕೆಲಸವನ್ನು ನಿಲ್ಲಿಸುತ್ತಾನೆ. ಕೇಳುಗನು ಕೊನೆಯ 'ಔಫ್'ಗಾಗಿ ಕಾಯಲೇಬೇಕು. ಅಧೀನ ವಾಕ್ಯದಲ್ಲಿ ಅಗಲಿದವು ಮತ್ತೆ ಕೂಡುತ್ತವೆ. ಭೂತಕೃದಂತದಲ್ಲಿ ನಡುವೆ 'ಗೆ' ಹೊಕ್ಕು 'ಔಫ್‌ಗೆಹ್ಯೋರ್ಟ್' ಆಗುತ್ತದೆ.

ಕನ್ನಡದ ಕ್ರಿಯೆಯು ಸಾಮಾನ್ಯವಾಗಿ ವಾಕ್ಯಾಂತ್ಯದಲ್ಲಿಯೇ ನಿಲ್ಲುವುದರಿಂದ ಇಷ್ಟು ದೂರದ ಅಗಲಿಕೆಗೆ ಎಡೆಯಿಲ್ಲ. ಎಡೆಯೇ ಇಲ್ಲವೆನ್ನುವುದೂ ತಪ್ಪು. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟುಕೊಟ್ಟು ನವನಗರಕ್ಕೆ ಹೊರಟ ಬಾಗಲಕೋಟೆಯ ತಾಯಿಯೊಬ್ಬಳು ನೆರೆಯವರಿಗೆ "ನಮ್ಮ ಕೈ ಮಾತ್ರ ಬಿಡಬ್ಯಾಡ್ರಿ" ಎಂದರೆ, ನಡುವೆ 'ಮಾತ್ರ' ಬಂದರೂ 'ಕೈಬಿಡು' ಎಂಬುದರ ಅರ್ಥ ಕಿಂಚಿತ್ತೂ ಕೆಡದು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಕೊಂಡಿ ಹಾಕಿ ಕೂಡಿಸುತ್ತಾರೆ. ಅದನ್ನು ಎರಡು ಸೀರೆಯೆಂದು ಮಾರಿದವರುಂಟೇ?

'ಮಳೆ ಕೈ ಕೊಟ್ಟಿತು' ಎಂದು ತೆರಪು ಬಿಟ್ಟು ಬರೆದ ಬಾಲಕನ ಅಂಕವನ್ನು ಕತ್ತರಿಸುವ ಪರೀಕ್ಷಕರು ಇದನ್ನು ಪರ್ಯಾಲೋಚಿಸಬೇಕು. 'ಮೈದೊಳೆ', 'ಕೈವಿಡಿ' ಎಂಬಲ್ಲಿ ಉತ್ತರಪದದ ಆದಿವ್ಯಂಜನವೇ ಮಾರ್ಪಟ್ಟಿದೆ. ಅಲ್ಲಿ ಬಿಡಿಸಿ ಬರೆದರೆ ನಿಶ್ಚಯವಾಗಿ ದೋಷ. ಮಿಕ್ಕೆಡೆ ನೋಡಬೇಕಾದುದು ಅರ್ಥದ ಏಕತೆಯನ್ನು. ಕೂಡಿಸಿ ಬರೆದೂ ಅರ್ಥವರಿಯದವನಿಗೆ ಪೂರ್ಣ ಅಂಕ, ಅರ್ಥವರಿತು ಬಿಡಿಸಿ ಬರೆದವನಿಗೆ ಸೊನ್ನೆ ಎಂಬುದು ಯಾವ ನ್ಯಾಯ?

ಕಿಟ್ಟೆಲ್ಲರ 1894ರ ನಿಘಂಟು 'ಕೈ' ಎಂಬ ಪದದಡಿಯಲ್ಲಿಯೇ ಅದರ ಕೂಡುನುಡಿಗಳನ್ನು ಸಾಲಾಗಿ ಕೊಡುತ್ತದೆ. ಪ್ರೌಢಶಾಲೆಯ ಮಕ್ಕಳಿಗೆ ಅಧ್ಯಾಪಕರು ಮೊದಲು ಆ ಪುಟವನ್ನು ತೆರೆದು ತೋರಿಸಲಿ, ಸಮಾಸದ ಸೂತ್ರವನ್ನು ಮರುದಿನ ಬಾಯಿಪಾಠ ಮಾಡಿಸಲಿ.