ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಕೊಂಬೆ ಎಲ್ಲಿ?

ಗಲ್ಫ್‌ನಿಂದ ರಜೆಯಲ್ಲಿ ಬರುವ ನಮ್ಮ ಯುವಕರು ಈಗ ಹಿರಿಯರ ಬಳಿ ಕೂತು, ಅಜ್ಜನ ಅಪ್ಪ ಯಾರು, ಎಲ್ಲಿಂದ ಬಂದವರು ಅಂತ ಕೇಳತೊಡಗಿದ್ದಾರೆ. ಮೊಬೈಲ್‌ನಲ್ಲೇ ವಂಶವೃಕ್ಷ ಬರೆಯುವ ಆ್ಯಪ್‌ಗಳಿವೆ. ಉಗುಳು ಕಳುಹಿಸಿದರೆ ಡಿಎನ್‌ಎ ನೋಡಿ, ನಿಮ್ಮಲ್ಲಿ ಅರಬ್ ರಕ್ತ ಇಷ್ಟು ಪರ್ಸೆಂಟ್ ಅಂತ ಹೇಳುವ ಕಂಪೆನಿಗಳೂ ಇವೆ. ಕುತೂಹಲ ಒಳ್ಳೆಯದೇ. ಆದರೆ ಹುಡುಕುವುದು ಯಾವುದಕ್ಕೆ?

ನಸಬ್‌ನ ಅರಿವು ಇಸ್ಲಾಮಿಗೆ ಹೊಸತಲ್ಲ. ಅಬೂಬಕರ್ ಸಿದ್ದೀಕ್ (ರ.ಅ.) ಅರಬರ ವಂಶಾವಳಿ ಬಲ್ಲವರೆಂದೇ ಹೆಸರಾಗಿದ್ದರು. ಕುಟುಂಬ ಸಂಬಂಧ ಜೋಡಿಸಲು ಬೇಕಾದಷ್ಟು ನಸಬ್ ಕಲಿಯಿರಿ ಎಂದು ಪ್ರವಾದಿ (ಸ.ಅ.) ತಿಳಿಸಿದ್ದು ಹದೀಸಿನಲ್ಲಿದೆ. ಬಾಯಲ್ಲಿದ್ದ ಈ ವಿದ್ಯೆ ದೊಡ್ಡ ಮಟ್ಟದಲ್ಲಿ ಕಾಗದಕ್ಕೆ ಇಳಿದದ್ದು ಹಿಜರಿ 20ರ ಸುಮಾರಿಗೆ, ಉಮರ್ (ರ.ಅ.) ಖಲೀಫರಾಗಿದ್ದಾಗ. ಬೈತುಲ್ ಮಾಲ್‌ನಿಂದ ಜನರಿಗೆ ಭತ್ಯೆ ಹಂಚಲು ಪಟ್ಟಿ ಬೇಕಿತ್ತು. ಅಕೀಲ್, ಮಖ್‌ರಮಾ, ಜುಬೈರ್ ಬಿನ್ ಮುತ್‌ಇಮ್ ಎಂಬ ಮೂವರು ಬಲ್ಲವರು ಪ್ರವಾದಿಯವರ ಕುಟುಂಬದಿಂದ ಆರಂಭಿಸಿ ಬರೆದರು. ಭತ್ಯೆ ಗಂಡಸರಿಗೆ ಮಾತ್ರ ಇರಲಿಲ್ಲ, ಹೆಂಗಸರಿಗೂ ಎಳೆ ಮಕ್ಕಳಿಗೂ ಸಿಕ್ಕಿತು. ಪಾಲು ತಲುಪಬೇಕಾದವರಿಗೆ ತಲುಪಲಿ ಅಂತ ಮಾಡಿದ ಲೆಕ್ಕ ಅದು. ಮುಂದೆ ಹಿಶಾಮ್ ಇಬ್ನುಲ್ ಕಲ್ಬಿಯಂಥ ವಿದ್ವಾಂಸರು ದೊಡ್ಡ ಗ್ರಂಥಗಳನ್ನೇ ರಚಿಸಿದರು. ಅದರ ಜೊತೆಗೆ ವಂಶದ ಹೆಮ್ಮೆಯೂ ಹಿಂಬಾಗಿಲಿನಿಂದ ಮರಳಿ ಬಂತು.

ನಮ್ಮ ಕರಾವಳಿಗೆ ಬರೋಣ. 1342ರ ಸುಮಾರಿಗೆ ಇಲ್ಲಿಗೆ ಬಂದ ಇಬ್ನು ಬತೂತ, ಮಂಜರೂರಿನಲ್ಲಿ, ಅಂದರೆ ಇಂದಿನ ಮಂಗಳೂರಿನಲ್ಲಿ, ಸುಮಾರು 4,000 ಮುಸ್ಲಿಮರಿದ್ದರು ಎಂದು ದಾಖಲಿಸಿದ್ದಾರೆ. ಅಲ್ಲಿಂದ ನಮ್ಮ ಮುತ್ತಜ್ಜನ ತನಕ ಹೆಸರಿಗೆ ಹೆಸರು ಜೋಡಿಸುವ ಕಾಗದ ಸಾಮಾನ್ಯ ಬ್ಯಾರಿ ಮನೆಗಳಲ್ಲಿ ಇಲ್ಲ. ನಮ್ಮವರು ಅರಬ್ ಹಡಗಿನಲ್ಲಿ ಬಂದವರು ಅಂತ ಎದೆ ಉಬ್ಬಿಸುವವರು ಇದನ್ನು ನೆನಪಿಡಬೇಕು. ಬಂದಿರಬಹುದು. ಆದರೆ ಬ್ಯಾರಿ ಭಾಷೆಯನ್ನೇ ನೋಡಿ: ಮಲಯಾಳಂನ ಮೈ, ತುಳುವಿನ ಉಸಿರು, ನಡುನಡುವೆ ಅರಬಿ ಶಬ್ದ. ಅದನ್ನು ನಮಗೆ ಕಲಿಸಿದ್ದು ಹಡಗಿನ ಅಜ್ಜ ಅಲ್ಲ, ಈ ಮಣ್ಣಿನ ಅಜ್ಜಿ.

ಸಿಗುವ ದಾಖಲೆ ಹತ್ತಿರದ್ದೇ. ಹೆಸರಿನ ಹಿಂದಿನ ಇನಿಶಿಯಲ್‌ನಲ್ಲಿ ಊರೋ ಮನೆಯೋ ಅಪ್ಪನ ಹೆಸರೋ ಅಡಗಿರುತ್ತದೆ. 1974ರ ಭೂಸುಧಾರಣೆಯ ಬಳಿಕ ಗೇಣಿದಾರರು ಭೂನ್ಯಾಯ ಮಂಡಳಿಗೆ ಕೊಟ್ಟ ಫಾರಂ ನಂಬ್ರ 7ರ ಕಡತದಲ್ಲಿ ಯಾರು ಯಾವ ಜಾಗದಲ್ಲಿ ಬೇಸಾಯ ಮಾಡುತ್ತಿದ್ದರು ಎಂಬುದು ಸಿಗುತ್ತದೆ. ಮಸೀದಿಯ ನಿಕಾಹ್ ದಫ್ತರ್ ಇದೆ, ಶಾಲೆಯ ಹಳೆ ದಾಖಲಾತಿ ಪುಸ್ತಕ ಇದೆ. ಕಾಗದಕ್ಕಿಂತ ಹೆಚ್ಚು ಇರುವುದು ಹಿರಿಯ ಉಮ್ಮಂದಿರ ನೆನಪಿನಲ್ಲಿ. ಯಾವ ಮನೆಯ ಹೆಣ್ಣು ಯಾವ ಊರಿಗೆ ಹೋದಳು, ಯಾವ ಮಗುವಿಗೆ ಯಾರು ಹಾಲುಣಿಸಿದರು, ಎಲ್ಲ ಅವರಿಗೆ ಗೊತ್ತು. ಹಾಲಿನ ಸಂಬಂಧ ನಿಕಾಹ್‌ಗೆ ತಡೆಯಾಗುತ್ತದಾದ್ದರಿಂದ ಇದು ಬರೀ ಕತೆಯಲ್ಲ. ಯಾವ ಡಿಎನ್‌ಎ ಪರೀಕ್ಷೆಯಲ್ಲೂ ಅದು ಕಾಣಿಸುವುದಿಲ್ಲ.

ಡಿಎನ್‌ಎ ಬಗ್ಗೆ ಇನ್ನೊಂದು ಮಾತು. ಸ್ಥಾಪಿತ ನಸಬನ್ನು ಪ್ರಶ್ನಿಸಲು ಅದನ್ನು ಬಳಸಬಾರದೆಂದು ಮಕ್ಕಾದ ಫಿಕ್ಹ್ ಪರಿಷತ್ತು 2002ರಲ್ಲೇ ತೀರ್ಮಾನಿಸಿದೆ. ಸುಮಾರು ಒಂದೂವರೆ ಕೋಟಿ ಗ್ರಾಹಕರಿದ್ದ ಅಮೆರಿಕದ 23ಆ್ಯಂಡ್‌ಮಿ ಕಂಪೆನಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿದಾಗ, ಆ ಮಾಹಿತಿಯೆಲ್ಲ ಯಾರ ಕೈ ಸೇರುತ್ತದೆ ಎಂಬ ಚಿಂತೆ ಎದ್ದಿತ್ತು.

ನಿಜವಾದ ನೋವು ಬೇರೆಡೆ ಇದೆ. ಆಸ್ತಿ ಪಾಲಿನ ಸಮಯ ನಾಡಕಚೇರಿಗೆ ವಂಶವೃಕ್ಷ ಕೊಡುವಾಗ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟುಬಿಡುವವರು ನಮ್ಮಲ್ಲೂ ಇದ್ದಾರೆ. ಚಿನ್ನ ಕೊಟ್ಟಾಗಿದೆಯಲ್ಲ ಅಂತ ಸಮಜಾಯಿಷಿ. ಸೂರಃ ಅನ್ನಿಸಾಅ್ ಹೆಣ್ಣಿಗೆ ನಿಗದಿ ಮಾಡಿದ ಪಾಲು ಚಿನ್ನ ಕೊಟ್ಟರೆ ತೀರುವುದಿಲ್ಲ. ಒಂದು ಹೆಸರು ಬಿಟ್ಟ ವಂಶವೃಕ್ಷ ಒಂದು ಹಕ್ಕನ್ನು ನುಂಗಿದ ಕಾಗದ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಂಚುವ ಕುಟುಂಬ ಪಟ್ಟಿಗಳಲ್ಲೂ ಅಜ್ಜಿಯರ ಜಾಗ ಎಷ್ಟೋ ಸಲ ಖಾಲಿ.

ನಿಕಾಹ್ ದಫ್ತರುಗಳಿಗೆ ಮಳೆಗಾಲದ ತೇವ, ಗೆದ್ದಲು ಎರಡೂ ಶತ್ರು. ಮೊಬೈಲ್‌ನಲ್ಲಿ ಫೋಟೊ ತೆಗೆದಿಡುವ ಕೆಲಸವನ್ನು ಮದ್ರಸದ ದೊಡ್ಡ ಮಕ್ಕಳೇ ಖತೀಬರ ಮುಂದೆ ಕೂತು ಒಂದು ವಾರದಲ್ಲಿ ಮುಗಿಸಬಲ್ಲರು. ಹೊಸ ದಫ್ತರ್ ಅಚ್ಚು ಹಾಕಿಸುವ ಜಮಾಅತ್‌ಗಳು ವಧೂವರರ ಅಪ್ಪಂದಿರ ಹೆಸರಿನ ಪಕ್ಕ ಉಮ್ಮಂದಿರ ಹೆಸರಿಗೂ ಒಂದೊಂದು ಕಾಲಂ ಇಡಲಿ. ಅದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.